1,000 ಮೈಲಿ ಹೊರಟ ಮಗಳಿಗೆ

ಕೂಸೇ,

ಸ್ಯಾಡಲ್‌ಸೋರ್ ಮಾಡುತ್ತೇನೆ, ಅಂದರೆ 24 ಗಂಟೆಯೊಳಗೆ ಬೈಕಿನಲ್ಲಿ 1,000 ಮೈಲಿ ಓಡಿಸುತ್ತೇನೆ ಅಂದಿದ್ದೀಯ, ಮಾಡು. ಆದರೆ ನೀನು ಕಳಿಸಿದ ಪ್ಲಾನ್ ಬೇಡ. ಬೆಂಗಳೂರಿನಿಂದ ಪುಣೆಗೆ ಹೋಗಿ ಬೆಂಗಳೂರಿಗೆ ವಾಪಸ್ ಎಂಬುದು ನಕ್ಷೆಯಲ್ಲಿ ನೋಡಲು ಸರಳ. ನಸುಕಿನಲ್ಲಿ ಹೊರಟರೆ ನೈಸ್ ರಸ್ತೆ ಸಿಗುವುದಿಲ್ಲ, ರಾತ್ರಿ 10ರಿಂದ ಬೆಳಗಿನ 5ರವರೆಗೆ ಅಲ್ಲಿ ದ್ವಿಚಕ್ರ ವಾಹನ ಬಿಡುವುದಿಲ್ಲ. ಊರು ದಾಟುವುದರಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಅರ್ಧ ದಾರಿಯಲ್ಲಿ ಆಗದು ಅನಿಸಿದರೆ ನೀನು ಮನೆಯಿಂದ 800 ಕಿಲೋಮೀಟರ್ ದೂರ ಇರುತ್ತೀಯ.

ಹುಬ್ಬಳ್ಳಿಯಿಂದ ಹೊರಡು. ಮೊದಲು ಉತ್ತರಕ್ಕೆ ಪುಣೆಯ ನವಲೆ ಸೇತುವೆವರೆಗೆ, ಸುಮಾರು 430 ಕಿ.ಮೀ. ಅಲ್ಲಿಂದ ಹುಬ್ಬಳ್ಳಿಗೆ ವಾಪಸ್. ಆಮೇಲೆ ದಕ್ಷಿಣಕ್ಕೆ ನೆಲಮಂಗಲದವರೆಗೆ, ಸುಮಾರು 387. ಮತ್ತೆ ಹುಬ್ಬಳ್ಳಿ. ಒಟ್ಟು 1,634 ಆಗುತ್ತದೆ, ಬೇಕಾದದ್ದು 1,000 ಮೈಲಿ, ಅಂದರೆ 1,609 ಕಿ.ಮೀ. ಮೇಲಿನ 25 ಕಿಲೋಮೀಟರ್ ಸುಮ್ಮನೆ ಇಟ್ಟದ್ದಲ್ಲ. ಈ ಸವಾಲಿಗೆ ಪ್ರಮಾಣಪತ್ರ ಕೊಡುವ ಐರನ್ ಬಟ್ ಅಸೋಸಿಯೇಷನ್‌ನವರು ನಿನ್ನ ಓಡೋಮೀಟರನ್ನು ನಂಬಿ ದೂರ ಕೊಡುವುದಿಲ್ಲ. ಒಂದು ಪೆಟ್ರೋಲ್ ಬಿಲ್ಲಿನ ಜಾಗದಿಂದ ಇನ್ನೊಂದರ ಜಾಗಕ್ಕೆ ನಕ್ಷೆಯಲ್ಲಿ ಎಷ್ಟು ಹತ್ತಿರದ ದಾರಿ ಇದೆಯೋ ಅಷ್ಟನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಡೈವರ್ಷನ್, ಸರ್ವಿಸ್ ರಸ್ತೆ, ಬಂಕ್ ಹುಡುಕಿಕೊಂಡು ಸುತ್ತಿದ್ದು ಯಾವುದೂ ಸೇರುವುದಿಲ್ಲ. ಹೊರಡುವ ಮುಂಚೆ ನೀನು ಗೊತ್ತು ಮಾಡಿದ ಬಂಕುಗಳನ್ನೇ ನಕ್ಷೆಯಲ್ಲಿ ಗುರುತು ಹಾಕಿ ಕೂಡಿಸಿ ನೋಡು. 1,625ಕ್ಕಿಂತ ಕಡಿಮೆ ಬಂದರೆ ಪುಣೆ ಬೈಪಾಸಿನಲ್ಲಿ ಇನ್ನೊಂದಿಷ್ಟು ಮುಂದೆ ಹೋಗಿ ತಿರುಗು.

ಈಗ ಕಹಿ ಲೆಕ್ಕ. 1,634ನ್ನು 24ರಿಂದ ಭಾಗಿಸಿದರೆ ಗಂಟೆಗೆ 68. ಇದನ್ನು ಕೇಳಿ ಎಲ್ಲರೂ "ಇಷ್ಟೇನಾ" ಅನ್ನುತ್ತಾರೆ. ಕೇಂದ್ರ ಸರ್ಕಾರ 2018ರಲ್ಲಿ ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಇಟ್ಟ ಮಿತಿ 80. ಆ ಮಿತಿಯಲ್ಲೇ ಓಡಿಸಿದರೆ, ಟೋಲ್, ಊರು, ಕಾಮಗಾರಿ ಎಲ್ಲ ಕಳೆದು ಗಾಡಿ ಚಲಿಸುವಾಗಿನ ಸರಾಸರಿ 74–75 ಬಂದರೆ ಅದೇ ಹೆಚ್ಚು. ಅಂದರೆ 22 ಗಂಟೆ ಸೀಟಿನ ಮೇಲೆ. ಪೆಟ್ರೋಲು, ಊಟ, ಶೌಚ, ನಿದ್ದೆ ಎಲ್ಲಕ್ಕೂ ಸೇರಿ ಉಳಿಯುವುದು ಎರಡೇ ಗಂಟೆ. ನೂರು, ನೂರಿಪ್ಪತ್ತರಲ್ಲಿ ಓಡಿಸಿ ಈ ಇಕ್ಕಟ್ಟಿನಿಂದ ತಪ್ಪಿಸಿಕೊಳ್ಳುವವರಿದ್ದಾರೆ, ನೀನು ಆ ಗುಂಪಿಗೆ ಸೇರಬೇಡ. ಈ ಸವಾಲಿನಲ್ಲಿ ಸಮಯ ಕಳೆದುಹೋಗುವುದು ರಸ್ತೆಯ ಮೇಲಲ್ಲ, ಗಾಡಿ ನಿಂತಾಗ. ಬಂಕಿನಲ್ಲಿ ಹತ್ತು ನಿಮಿಷದ ಬದಲು ಇಪ್ಪತ್ತು ನಿಂತರೆ, ಏಳು ನಿಲುಗಡೆಗೆ 70 ನಿಮಿಷ. ಅದನ್ನು ವೇಗದಿಂದ ತುಂಬಬೇಕೆಂದರೆ ಇಡೀ ದಿನ ಗಂಟೆಗೆ ನಾಲ್ಕು ಕಿಲೋಮೀಟರ್ ಜಾಸ್ತಿ ಓಡಿಸಬೇಕು.

ಇನ್ನೊಂದು ಸಣ್ಣ ಗುಟ್ಟು. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು ಎಂಬ ನಿಯಮವಿದೆ, ಹಾಗಾಗಿ ಕಂಪನಿಗಳು ಸ್ವಲ್ಪ ಜಾಸ್ತಿ ತೋರಿಸುವಂತೆಯೇ ಇಡುತ್ತವೆ. ಮೀಟರಿನಲ್ಲಿ 80 ಕಂಡಾಗ ಜಿಪಿಎಸ್ಸಿನಲ್ಲಿ 76 ಇರುವುದು ಸಾಮಾನ್ಯ. ಆ ನಾಲ್ಕು ಕಿಲೋಮೀಟರ್ 22 ಗಂಟೆಯಲ್ಲಿ 88 ಆಗುತ್ತದೆ. ಹೊರಡುವ ವಾರ ಜಿಪಿಎಸ್ ಜತೆ ಹೋಲಿಸಿ, ನಿಜವಾದ 80ಕ್ಕೆ ಮುಳ್ಳು ಎಲ್ಲಿರುತ್ತದೆ ಎಂದು ತಿಳಿದುಕೋ.

ದಿನ ಯಾವುದು? ಮಳೆಗಾಲ ಬೇಡವೇ ಬೇಡ, ಬೆಳಗಾವಿಯಿಂದ ಸಾತಾರಾವರೆಗೆ ತೋಯಿಸಿ ಹಾಕುತ್ತದೆ. ನವೆಂಬರಿನಿಂದ ಜನವರಿ ತಂಪು ನಿಜ, ಆದರೆ ನಿಪ್ಪಾಣಿ, ಕೊಲ್ಹಾಪುರ, ಕರಾಡ್ ಪಟ್ಟಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಕಾಲ. ಒಂದರ ಹಿಂದೊಂದು ಎರಡು ಟ್ರೇಲರ್, ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಇದ್ದರೂ ಜೋತುಬಿದ್ದ ಕಬ್ಬಿನಡಿ ಮುಚ್ಚಿರುತ್ತದೆ. 20ರ ವೇಗದಲ್ಲಿ ಹೋಗುವ ಆ ಕಪ್ಪು ಗುಡ್ಡ ನಿನ್ನ ಹೆಡ್‌ಲೈಟಿಗೆ ಸಿಗುವಷ್ಟರಲ್ಲಿ ತಡವಾಗಿರುತ್ತದೆ. ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದೊಳಗೆ ಮುಗಿಸು. ಆಗ ಕಬ್ಬು ಇಳಿಮುಖ, ಬಿಸಿಲು ಇನ್ನೂ ತಡೆಯುವಂತಿರುತ್ತದೆ. ಮಂಗಳವಾರ ಇಲ್ಲವೇ ಬುಧವಾರ ಇರಲಿ. ಶನಿವಾರ ಪುಣೆಯಿಂದ ಮಹಾಬಳೇಶ್ವರದ ಕಡೆ ಜನ ಹೊರಡುತ್ತಾರೆ, ಭಾನುವಾರ ರಾತ್ರಿ ತುಮಕೂರು ರಸ್ತೆಯಲ್ಲಿ ಊರಿಂದ ಬೆಂಗಳೂರಿಗೆ ಮರಳುವವರ ಸಾಲು.

ಹೊರಡುವುದು ಬೆಳಗಿನ 4ಕ್ಕೆ, ಹುಬ್ಬಳ್ಳಿಯ ಗಬ್ಬೂರಿನ ಹತ್ತಿರದ ಬಂಕಿನಿಂದ. ಬಿಲ್ಲಿನ ಮೇಲೆ ಅಚ್ಚಾದ ವೇಳೆಯೇ ನಿನ್ನ ಗಡಿಯಾರ. ಗ್ಲೌಸ್ ಹಾಕಿ ಹೆಲ್ಮೆಟ್ ಬಿಗಿದು ಮನೆಯವರಿಗೆ ಕೈಬೀಸಿದ ವೇಳೆಯಲ್ಲ, ಹಾಗಾಗಿ ಕೈಬೀಸುವುದನ್ನೆಲ್ಲ ಬಿಲ್ಲಿಗೆ ಮುಂಚೆ ಮುಗಿಸು. 4 ಯಾಕೆಂದರೆ, ಕೊಲ್ಹಾಪುರಕ್ಕೆ ಬರುವಷ್ಟರಲ್ಲಿ ಬೆಳಕು ಹರಿಯುತ್ತದೆ, ಖಂಬಾಟ್ಕಿ ಘಾಟು ಹಗಲಿನಲ್ಲಿ ಸಿಗುತ್ತದೆ, ರಾತ್ರಿಗೆ ಉಳಿಯುವುದು ನಮ್ಮ ಹಾವೇರಿ, ದಾವಣಗೆರೆ, ಚಿತ್ರದುರ್ಗದ ನೇರ ರಸ್ತೆ. ಪುಣೆಯ ಹತ್ತಿರ ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಗೆ ಉದ್ದಕ್ಕೂ ಇಳಿಜಾರು. ಲಾರಿಗಳು ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುತ್ತವೆ, ಬ್ರೇಕ್ ಕಾದು ಹಿಡಿಯದೆ ಹೋಗುತ್ತದೆ. ಅಲ್ಲಿ ಎರಡು ಲಾರಿಗಳ ನಡುವೆ ಒಂದು ಕ್ಷಣವೂ ಇರಬೇಡ, ಕನ್ನಡಿಯ ಮೇಲೆ ಕಣ್ಣಿಡು.

ನಿಲುಗಡೆಗಳು ಹೀಗೆ: ಕೊಲ್ಹಾಪುರ, ನವಲೆ, ಮತ್ತೆ ಕೊಲ್ಹಾಪುರ, ಹುಬ್ಬಳ್ಳಿ, ಚಿತ್ರದುರ್ಗ, ನೆಲಮಂಗಲ, ಮತ್ತೆ ಚಿತ್ರದುರ್ಗ. ಒಂದೊಂದರ ನಡುವೆ 170ರಿಂದ 220 ಕಿ.ಮೀ. ನಿನ್ನ ಮೀಟಿಯರ್ 350ರ ಟ್ಯಾಂಕು 15 ಲೀಟರ್, 80ರಲ್ಲಿ ಲೀಟರಿಗೆ 33 ಕೊಟ್ಟರೂ ನಾನೂರು ದಾಟುತ್ತದೆ, ಇಷ್ಟು ಬೇಗ ಯಾಕೆ ನಿಲ್ಲಬೇಕು ಅನ್ನಬಹುದು. ಪೆಟ್ರೋಲಿಗಾಗಿ ಅಲ್ಲ. ಮೂರು ಗಂಟೆಗಿಂತ ಹೆಚ್ಚು ಒಂದೇ ಸಮ ಕೂತರೆ ಸೊಂಟಕ್ಕಿಂತ ಮೊದಲು ತಲೆ ಮಂದವಾಗುತ್ತದೆ.

ಬಂಕಿನಲ್ಲಿ ಕೆಲಸದ ಕ್ರಮ ಬದಲಿಸಬೇಡ. ಪೆಟ್ರೋಲ್ ಹಾಕಿಸು, ಪ್ರಿಂಟ್ ಆದ ಬಿಲ್ ಕೇಳು, ಅಲ್ಲೇ ಓದು: ಬಂಕಿನ ಹೆಸರು, ಊರು, ತಾರೀಖು, ವೇಳೆ. ಯಂತ್ರದ ಗಡಿಯಾರ ತಪ್ಪಿರುವುದು ಅಪರೂಪವಲ್ಲ. ತಪ್ಪಿದ್ದರೆ ಕಾರ್ಡ್ ಉಜ್ಜಿ ಅದರ ಚೀಟಿಯನ್ನೂ ತಗೋ, ಪಕ್ಕದಲ್ಲಿ ಎಟಿಎಂ ಇದ್ದರೆ ಆ ಚೀಟಿಯೂ ಆಗುತ್ತದೆ. ಯುಪಿಐ ಮಾಡಿ ಫೋನಿನ ಮೆಸೇಜು ಇದೆಯಲ್ಲ ಎಂದು ಹೊರಟುಬಿಡಬೇಡ, ಅದರಲ್ಲಿ ಊರಿರುವುದಿಲ್ಲ. ಕೈಬರಹದ ಬಿಲ್ಲೂ ಬೇಡ. ಬೈಕಿಗೆ ಟೋಲ್ ಇಲ್ಲದ್ದರಿಂದ ಟೋಲ್ ಚೀಟಿಯ ಆಸರೆಯೂ ನಮಗಿಲ್ಲ. ಬಿಲ್ಲಿನ ಹಿಂದೆ ಓಡೋಮೀಟರ್ ಅಂಕಿ ಬರೆ, ಬಿಲ್ಲನ್ನು ಮೀಟರಿನ ಪಕ್ಕ ಹಿಡಿದು ಫೋಟೊ ತೆಗೆ, ನನಗೆ ಕಳಿಸು. ಥರ್ಮಲ್ ಕಾಗದ ಬೆವರು, ಬಿಸಿಲಿಗೆ ಬಿಳಿಯಾಗಿಬಿಡುತ್ತದೆ, ಫೋಟೊ ಇದ್ದರೆ ಚಿಂತೆಯಿಲ್ಲ. ನೀನು ಎಲ್ಲಿದ್ದೀಯ ಎಂದು ನನಗೂ ಗೊತ್ತಾಗುತ್ತದೆ, ಫೋನ್ ಮಾಡಿ ಕಾಡುವುದಿಲ್ಲ. ನವಲೆ ಮತ್ತು ನೆಲಮಂಗಲದ ಬಿಲ್ಲು ಕಳೆದರೆ ಇಡೀ ಓಟವೇ ಹೋಯಿತು ಎಂದು ತಿಳಿ. ತಿರುಗಿದ ಜಾಗಕ್ಕೆ ಪುರಾವೆ ಇಲ್ಲದಿದ್ದರೆ ನೀನು ಅಲ್ಲಿಯವರೆಗೆ ಹೋದೆ ಎಂದು ಅವರು ನಂಬಲು ಕಾರಣವೇ ಇಲ್ಲ. ಸಾಕ್ಷಿ ಸಹಿ, ಅರ್ಜಿ ನಮೂನೆಯ ನಿಯಮಗಳು ಆಗಾಗ ಬದಲಾಗುತ್ತವೆ, ಹೊರಡುವ ವಾರ ಅವರ ಪುಟದಲ್ಲೇ ಓದಿಕೋ.

ಗಾಡಿಯ ಸರ್ವಿಸ್ ಹಿಂದಿನ ದಿನ ಮಾಡಿಸಬೇಡ. ಹತ್ತು ದಿನ ಮೊದಲು ಮಾಡಿಸಿ 300 ಕಿಲೋಮೀಟರ್ ಓಡಿಸು. ಸಡಿಲ ಬಿಟ್ಟ ಆಯಿಲ್ ಬೋಲ್ಟು, ಸರಿಯಾಗಿ ಕೂರದ ಬ್ರೇಕ್ ಪ್ಯಾಡು, ಅತಿ ಬಿಗಿದ ಚೈನು ಎಲ್ಲ ಆ 300ರಲ್ಲೇ ಹೊರಬರುತ್ತವೆ. ಹೊಸ ಟೈರೂ ಅಷ್ಟೇ, ಮೇಲಿನ ನುಣುಪು ಸವೆಯಬೇಕು. ಗಾಳಿ ಟೈರು ತಣ್ಣಗಿದ್ದಾಗ ನೋಡು, ಮ್ಯಾನ್ಯುಯಲ್‌ನಲ್ಲಿರುವಷ್ಟೇ ಹಾಕು. ಚೈನಿಗೆ ಸ್ಪ್ರೇ ಹಿಂದಿನ ರಾತ್ರಿಯೇ ಹೊಡೆ, ಗಾಡಿ ಓಡಿಸಿ ಬಂದು ಚೈನು ಬೆಚ್ಚಗಿರುವಾಗ. ಇನ್ನೊಮ್ಮೆ ಮಧ್ಯಾಹ್ನ ಹುಬ್ಬಳ್ಳಿಯಲ್ಲಿ. ಆಗಲೇ ಗಾಡಿ ನೆಟ್ಟಗೆ ನಿಲ್ಲಿಸಿ ಆಯಿಲ್ ಗಾಜನ್ನೂ ನೋಡು. ಜತೆಗೆ ಟ್ಯೂಬ್‌ಲೆಸ್ ಪಂಕ್ಚರ್ ಕಿಟ್, ಗಾಳಿ ಪಂಪು, ಕ್ಲಚ್ ಕೇಬಲ್, ಫ್ಯೂಸ್, ಒಂದು ಹೆಡ್‌ಲೈಟ್ ಬಲ್ಬು. ಇದಕ್ಕಿಂತ ಹೆಚ್ಚು ಸಾಮಾನು ಬೇಡ.

ಮೈಗೆ ಬರೋಣ. ಇದಕ್ಕೆ ಸ್ಯಾಡಲ್‌ಸೋರ್ ಎಂದು ಹೆಸರಿಟ್ಟವರು ಸುಳ್ಳು ಹೇಳಿಲ್ಲ. ದಪ್ಪ ಹೊಲಿಗೆಯ ಹತ್ತಿ ಒಳಉಡುಪು ಬೆವರು ಹೀರಿ ಹಾಗೇ ಇಟ್ಟುಕೊಂಡು ಹೊಲಿಗೆಯ ಗೆರೆಯುದ್ದಕ್ಕೂ ಚರ್ಮ ಕೀಳುತ್ತದೆ. ಹೊಲಿಗೆ ಕಡಿಮೆಯಿರುವ ಸೈಕ್ಲಿಂಗ್ ಶಾರ್ಟ್ಸ್ ಹಾಕು, ಉಜ್ಜುವ ಕಡೆ ಮೊದಲೇ ವ್ಯಾಸಲೀನ್ ಹಚ್ಚು, ಉರಿ ಶುರುವಾದ ಮೇಲಲ್ಲ. ಜೀನ್ಸ್ ಬೇಡ. ಬೆನ್ನಿಗೆ ಹುಕ್ ಇಲ್ಲದ ಸ್ಪೋರ್ಟ್ಸ್ ಬ್ರಾ. ಜಡೆ ಸಡಿಲವಾಗಿ, ಕತ್ತಿನ ಕೆಳಗೆ ಹಾಕು. ಹೆಲ್ಮೆಟಿನೊಳಗೆ ಗಂಟಿದ್ದರೆ ಐದನೇ ಗಂಟೆಗೆ ತಲೆನೋವು ಗ್ಯಾರಂಟಿ. ಮುಟ್ಟಿನ ದಿನಗಳ ಹತ್ತಿರ ತಾರೀಖು ಇಡಬೇಡ, ಬಂದೇಬಿಟ್ಟರೆ ಮುಂದಕ್ಕೆ ಹಾಕು, ಹೆದ್ದಾರಿ ಎಲ್ಲೂ ಹೋಗುವುದಿಲ್ಲ. ಕಿವಿಗೆ ಫೋಮ್ ಇಯರ್‌ಪ್ಲಗ್ ಹಾಕು. 22 ಗಂಟೆ ಗಾಳಿಯ ಸದ್ದು ಕೇಳಿದರೆ ಯಾರಿಗಾದರೂ ದಣಿವಾಗುತ್ತದೆ.

ಶೌಚಕ್ಕೆ ಹೋಗಬೇಕಾದೀತೆಂದು ನೀರು ಕುಡಿಯದಿರುವುದು ನಮ್ಮ ಹೆಣ್ಣುಮಕ್ಕಳ ಹಳೇ ಚಾಳಿ. ಅದು ನೇರವಾಗಿ ನಿದ್ದೆ ತರುತ್ತದೆ. ಅರ್ಧ ಗಂಟೆಗೊಮ್ಮೆ 150 ಮಿಲಿಯಷ್ಟು ನೀರು, ಹೈಡ್ರೇಷನ್ ಬ್ಯಾಗಿನ ಕೊಳವೆಯಿಂದ, ಓಡಿಸುತ್ತಲೇ. ಒಂದು ಲೀಟರಿನ ಒಆರ್‌ಎಸ್ ಪೊಟ್ಟಣ ಒಂದು ಲೀಟರಿಗೇ ಕಲಸು, ಅರ್ಧಕ್ಕೆ ಕಲಸಿದರೆ ಹೊಟ್ಟೆ ಕೆಡುತ್ತದೆ. ದೊಡ್ಡ ಬಂಕುಗಳ ಶೌಚಾಲಯ ರಾತ್ರಿ ಬೀಗ ಹಾಕಿರಬಹುದು, ಕೀಲಿ ಆಫೀಸಿನಲ್ಲಿರುತ್ತದೆ, ಮುಲಾಜಿಲ್ಲದೆ ಕೇಳು. ಟೋಲ್ ಪ್ಲಾಜಾದ ಪಕ್ಕದ ಶೌಚಾಲಯವೂ ಆದೀತು. ಊಟವೆಂದರೆ ಬಾಳೆಹಣ್ಣು, ಶೇಂಗಾ ಚಿಕ್ಕಿ, ಪಲ್ಯ ಸುತ್ತಿದ ಚಪಾತಿ. ಹುಬ್ಬಳ್ಳಿಗೆ ಬಂದಾಗ ಸ್ವಲ್ಪ ಮೊಸರನ್ನ ಇಟ್ಟಿರುತ್ತೇನೆ, ಹೊಟ್ಟೆ ತುಂಬ ಕೊಡುವುದಿಲ್ಲ, ಬೇಜಾರಾಗಬೇಡ. ಕಾಫಿ ಹಗಲೆಲ್ಲ ಕುಡಿದರೆ ರಾತ್ರಿ ಅದು ಕೆಲಸ ಮಾಡುವುದಿಲ್ಲ. ಅದನ್ನು ಎರಡನೇ ಚಿತ್ರದುರ್ಗಕ್ಕೆ ಉಳಿಸು.

ಯಾಕೆಂದರೆ ಇಡೀ ಓಟದ ಕಷ್ಟದ ಜಾಗ ಅದೇ. ನೆಲಮಂಗಲ ಬಿಟ್ಟಾಗ ರಾತ್ರಿ ಹತ್ತು, ಚಿತ್ರದುರ್ಗ ಬಂದಾಗ ಹನ್ನೆರಡೂವರೆ. ಬಂಕಿನ ಬೆಳಕಿನಲ್ಲಿ ಒಂದು ಲೋಟ ಕಾಫಿ ಕುಡಿದು, ತಕ್ಷಣ 20 ನಿಮಿಷದ ಅಲಾರಂ ಇಟ್ಟು ಕೂತಲ್ಲೇ ಕಣ್ಣು ಮುಚ್ಚು. ಕಾಫಿ ಹತ್ತಲು ಅಷ್ಟು ಹೊತ್ತು ಬೇಕು, ಎದ್ದಾಗ ಎರಡೂ ಕೂಡಿ ಬರುತ್ತವೆ. ನಿದ್ದೆ ಬರದಿದ್ದರೂ ಏಳಬೇಡ. ಅಲ್ಲಿಂದ ರಾಣೆಬೆನ್ನೂರಿನವರೆಗೆ ಎಡ ಅಂಚಿಗೆ ಹೋಗಬೇಡ. ಢಾಬಾಗಳ ಮುಂದೆ ದೀಪವಿಲ್ಲದೆ ನಿಂತ ಲಾರಿ, ರಾಂಗ್ ಸೈಡಿನಲ್ಲಿ ಬರುವ ಬೈಕು, ಎಲ್ಲ ಅಲ್ಲೇ. ಚಿತ್ರದುರ್ಗದ ಗಾಳಿಯಂತ್ರಗಳ ಸೀಮೆಯಲ್ಲಿ ಅಡ್ಡಗಾಳಿ ದೂಡಿದರೆ ಹ್ಯಾಂಡಲ್ ಬಿಗಿಹಿಡಿಯದೆ, ಮಂಡಿಯಿಂದ ಟ್ಯಾಂಕನ್ನು ಒತ್ತಿ ಹಿಡಿ.

ಆಕಳಿಕೆ ಬಂದರೆ ಹೆದರಬೇಡ, ಅದು ಬರಿ ಮುನ್ಸೂಚನೆ. ಹೆದರಬೇಕಾದದ್ದು ಬೇರೆ: ಹಿಂದಿನ ಊರು ದಾಟಿದ್ದು ನೆನಪಿಲ್ಲದಿರುವುದು, ಇಂಡಿಕೇಟರ್ ಆರಿಸದೆ ಮೈಲಿಗಟ್ಟಲೆ ಹೋಗಿರುವುದು, ವೇಗ ತಾನಾಗಿ 65ಕ್ಕೆ ಇಳಿದು ಮತ್ತೆ ಏರುವುದು. 80ರಲ್ಲಿ ಸೆಕೆಂಡಿಗೆ 22 ಮೀಟರ್. ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ 66 ಮೀಟರ್ ಗಾಡಿ ಯಾರದೂ ಅಲ್ಲ. ಈ ಮೂರರಲ್ಲಿ ಒಂದು ಕಂಡರೂ ಮುಂದಿನ ಬಂಕಿನಲ್ಲಿ ನಿಂತು ಮಲಗು, ಅಲಾರಂ ಇಲ್ಲದೆ. ಹಿಂದಿನ ಎರಡು ರಾತ್ರಿ ಎಂಟೆಂಟು ಗಂಟೆ ಮಲಗಿದ್ದರೆ ಬಹುಶಃ ಇದ್ಯಾವುದೂ ಬರುವುದಿಲ್ಲ.

ಎರಡು ಗಡುವು ಬರೆದು ಟ್ಯಾಂಕಿಗೆ ಅಂಟಿಸು. ಮಧ್ಯಾಹ್ನ ಹುಬ್ಬಳ್ಳಿಗೆ 4 ಗಂಟೆಯ ಆಸುಪಾಸಿನಲ್ಲಿ ಬರಬೇಕು. ನಾಲ್ಕೂಕಾಲು ದಾಟಿದರೆ ಅಲ್ಲಿಗೆ ಮುಗಿಯಿತು, ಮನೆಗೆ ಬಾ. ರಾತ್ರಿ ನೆಲಮಂಗಲಕ್ಕೆ 10ರ ಸುಮಾರಿಗೆ. ಹತ್ತೂಕಾಲರೊಳಗೆ ಅಲ್ಲಿಂದ ಹೊರಡಲಾಗದಿದ್ದರೆ ಅಲ್ಲೇ ರೂಮು ಹಿಡಿದು ಮಲಗು. ಎಲ್ಲ ಸರಿ ನಡೆದರೂ ಕೊನೆಯ ಬಿಲ್ಲು ಮೂರೂಮುಕ್ಕಾಲಿಗೆ ಬೀಳುತ್ತದೆ, ಉಳಿಯುವುದು ಹದಿನೈದು ನಿಮಿಷ. ಒಂದು ಪಂಕ್ಚರ್ ಸಾಕು ಅದನ್ನು ತಿನ್ನಲು. ಹಾಗಾದಾಗ ಕಳೆದ ಸಮಯವನ್ನು ಆಕ್ಸಿಲರೇಟರಿನಲ್ಲಿ ಹುಡುಕಬೇಡ, ಅಲ್ಲಿ ಸಿಗುವುದಿಲ್ಲ.

ಕೊನೆಯ ಬಿಲ್ಲಿಗೆ ಬಂಕು 24 ಗಂಟೆಯದೇ ಇರಲಿ, ಮುಂಚಿನ ವಾರ ನಾನೇ ಹೋಗಿ ಬೆಳಗಿನ ನಾಲ್ಕಕ್ಕೆ ಪ್ರಿಂಟರ್ ನಡೆಯುತ್ತದೆಯೇ ನೋಡಿ ಬರುತ್ತೇನೆ. ಕಾಗದಪತ್ರ ತುಂಬುವುದು ಮರುದಿನ ಸಂಜೆ, ನಿದ್ದೆಯಾದ ಮೇಲೆ. ಬೆಂಗಳೂರಿಗೆ ವಾಪಸ್ ಹೋಗಲು ರೈಲಿನ ಟಿಕೆಟ್ ಈಗಲೇ ಮಾಡಿಸು. ಗಾಡಿ ಒಂದು ವಾರ ಇಲ್ಲೇ ಇರಲಿ, ಚೈನೂ ಹಿಂದಿನ ಟೈರೂ ನಾನು ನೋಡುತ್ತೇನೆ.

ನಿನ್ನ ಅವ್ವ