ಗೋ-ಕಾರ್ಟ್ ಚಾಸಿ ಆರ್ಡರ್ ಕೊಡುವ ಮುಂಚೆ ಓದಿ

ನಮ್ಮ ಗೋ-ಕಾರ್ಟ್ (ರೇಸಿನ ಚಿಕ್ಕ ಗಾಡಿ) ಗುಂಪಿನಲ್ಲಿ ಈಗ ಹೊರದೇಶದ್ದು ತರಿಸುವ ಬದಲು ಬಳ್ಳಾರಿಯಲ್ಲೇ ಚಾಸಿ (ಗಾಡಿಯ ಪೈಪಿನ ಫ್ರೇಮ್) ಮಾಡಿಸುತ್ತೇವೆ ಅನ್ನುವವರೇ ಜಾಸ್ತಿ. ಸರಿ, ಬಾಗಿದರೆ ಇಲ್ಲೇ ರಿಪೇರಿ, ಕಸ್ಟಮ್ಸ್ ಸುಂಕವೂ ಇಲ್ಲ. ಆದರೆ ಪೈಪ್ ಯಾವುದೆಂದು ಕೇಳದೆ ಅಡ್ವಾನ್ಸ್ ಕೊಡಬೇಡಿ. ಇಟಲಿಯ ಟೋನಿ ಕಾರ್ಟ್, ಸಿಆರ್‌ಜಿ ಕಂಪನಿಗಳ ಫ್ರೇಮುಗಳು ಹೆಚ್ಚಾಗಿ 30 ಅಥವಾ 32 ಮಿ.ಮೀ. ಕ್ರೋಮೋಲಿ (ಕ್ರೋಮಿಯಂ-ಮಾಲಿಬ್ಡಿನಂ ಬೆರೆತ ಉಕ್ಕು) ಪೈಪಿನವು.

ಕಾರ್ಟಿಗೆ ಸಸ್ಪೆನ್ಷನ್ ಇಲ್ಲ, ತಿರುವಿನಲ್ಲಿ ಎರಡು ಹಿಂಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ಲೂ ಇಲ್ಲ. ಅದಕ್ಕೇ ತಿರುವಿನಲ್ಲಿ ಫ್ರೇಮೇ ತುಸು ತಿರುಚಿಕೊಂಡು ಒಳಬದಿಯ ಹಿಂದಿನ ಚಕ್ರ ಏಳಬೇಕು. ಗಟ್ಟಿ ಇರಲಿ ಅಂತ ಮನೆ ಗೇಟಿನ ಹಾಗೆ ಅಡ್ಡ ಪೈಪು ಬೆಸೆಸಿದರೆ ಚಕ್ರ ಏಳುವುದಿಲ್ಲ, ಗಾಡಿ ತಿರುಗದೆ ನೇರಕ್ಕೇ ಓಡುತ್ತದೆ.

ತಗೊಳ್ಳುವಾಗ ಕಿಂಗ್‌ಪಿನ್‌ನಿಂದ (ಮುಂದಿನ ಚಕ್ರ ತಿರುಗುವ ಪಿನ್ನು) ಎದುರು ಬದಿಯ ಹಿಂದಿನ ಆಕ್ಸಲ್ ಬೇರಿಂಗ್‌ವರೆಗೆ ಎರಡೂ ಕರ್ಣ ಅಳೆಯಿರಿ, 2 ಮಿ.ಮೀ. ಮೀರಿ ವ್ಯತ್ಯಾಸವಿದ್ದರೆ ವಾಪಸ್ ಮಾಡಿ. ಸೀಟ್ ಸ್ಟೇ (ಸೀಟು ಹಿಡಿಯುವ ಪಟ್ಟಿ), ಬೇರಿಂಗ್ ಹ್ಯಾಂಗರ್‌ಗಳ (ಆಕ್ಸಲ್ ಬೇರಿಂಗ್ ಕೂರಿಸುವ ಹಿಡಿಕೆ) ವೆಲ್ಡಿಂಗನ್ನು ಪೇಂಟ್ ಹೊಡೆಯುವ ಮೊದಲೇ ನೋಡಿ. ಹಳೇ ಇಂಪೋರ್ಟೆಡ್ ಆದರೆ ಮಗುಚಿ, ತಳದ ಪೈಪು ಉಜ್ಜಿ ಚಪ್ಪಟೆಯಾಗಿದೆಯಾ ನೋಡಿ.