ಗಾಯೋಲಾ ದ್ವೀಪಕ್ಕೆ ಶಾಪ ಅಂಟಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಇಟಲಿಯ ಗಾಯೋಲಾ ದ್ವೀಪದ ಬಗ್ಗೆ ಬಂದ ಲೇಖನ ಓದಿದೆ. ಕೊಂಡವರನ್ನೆಲ್ಲ ಬಲಿ ತೆಗೆದುಕೊಂಡ ಶಾಪದ ದ್ವೀಪ ಅಂತ ಬರೆದಿದ್ದೀರಿ. ಓದಿ ಮನಸ್ಸಿಗೆ ನೋವಾಯಿತು.

ಆ ದ್ವೀಪವನ್ನು ನಾನು ನೋಡಿದ್ದೇನೆ. ಮಗಳು ನೇಪಲ್ಸ್‌ನಲ್ಲಿ ಓದುತ್ತಿದ್ದಾಗ ಕರೆದುಕೊಂಡು ಹೋಗಿದ್ದಳು. ಪೊಸಿಲಿಪ್ಪೊ ಗುಡ್ಡದಿಂದ ಸಮುದ್ರದ ಕಡೆಗೆ ಇಳಿಯಬೇಕು. ದಡದಲ್ಲಿ ನಿಂತು ಕೂಗಿದರೆ ಕೇಳುವಷ್ಟು ಹತ್ತಿರ. ಎರಡು ಬಂಡೆಗಳು, ನಡುವೆ ನಮ್ಮ ಕಾಲುಸಂಕದ ಹಾಗೆ ಕಿರಿದಾದ ಕಮಾನು ಸೇತುವೆ. ಒಂದು ಬಂಡೆಯ ಮೇಲೆ ಪಾಳುಬಿದ್ದ ಮನೆ. ಅದರ ಕೆಳಗೆ ಹುಡುಗರು ಈಜುತ್ತಿದ್ದರು.

ಲೇಖನದ ಪಟ್ಟಿಯನ್ನು ಒಂದ್ಸಲ ನಿಧಾನವಾಗಿ ನೋಡಿ. ಕಂಬಳಿಯಲ್ಲಿ ಸುತ್ತಿದ ಹೆಣ, ಮುಳುಗಿ ಸತ್ತ ಹೆಂಡತಿ ಎಂಬ 1920ರ ದಶಕದ ಕಥೆಗಳನ್ನು ಬಿಡಿ. ಒಂದು ಕಾಲಕ್ಕೆ ದ್ವೀಪದ ಒಡೆಯರಾಗಿದ್ದ, ಫಿಯೆಟ್ ಕಾರು ಕಂಪನಿಯ ಜಿಯಾನಿ ಅನ್ಯೆಲ್ಲಿ ಅವರ ಮಗ ತೀರಿಕೊಂಡದ್ದು 2000ದಲ್ಲಿ. ಅಷ್ಟು ಹೊತ್ತಿಗೆ ದ್ವೀಪ ಅವರ ಕೈಬಿಟ್ಟು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಆಗಿತ್ತು. ಅನ್ಯೆಲ್ಲಿ ಅವರ ತಮ್ಮನ ಮಗ 1997ರಲ್ಲಿ ಕ್ಯಾನ್ಸರ್‌ನಿಂದ ಹೋದ, 33 ವರ್ಷ ಅಷ್ಟೇ. ದ್ವೀಪದ ಇನ್ನೊಬ್ಬ ಒಡೆಯ, ತೈಲ ದೊರೆ ಪಾಲ್ ಗೆಟ್ಟಿಯ ಮೊಮ್ಮಗನನ್ನು 1973ರಲ್ಲಿ ಅಪಹರಿಸಿದ್ದು ರೋಮ್‌ನಲ್ಲಿ. ಕಿವಿ ಕತ್ತರಿಸಿ ಕಳಿಸಿದವರು ದುಡ್ಡಿಗಾಗಿ ಬಂದ ಮನುಷ್ಯರು. ಅನ್ಯೆಲ್ಲಿ 81 ವರ್ಷ ಬದುಕಿದರು, ಗೆಟ್ಟಿ 83. ಅದನ್ನು ಮಾತ್ರ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ. 2009ರಲ್ಲಿ ದಂಪತಿಯ ಕೊಲೆಯಾದದ್ದಂತೂ ಎದುರಿನ ದಡದ ಮನೆಯಲ್ಲಿ, ಕಳ್ಳತನಕ್ಕೆ ಬಂದವರಿಂದ. ದ್ವೀಪದಲ್ಲೇ ಅಲ್ಲ! ಅದನ್ನೂ ಶಾಪದ ಲೆಕ್ಕಕ್ಕೆ ಬರೆಯುತ್ತಾರೆ.

ಇಂಥ ಲೆಕ್ಕ ನಮ್ಮ ಮನೆಗೂ ಬಂದಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

1983ರಲ್ಲಿ ಅಪ್ಪ ಸಾಗರದ ಹತ್ತಿರ ಒಂದು ಹಳೇ ಮನೆ ಕೊಂಡರು. ಅಲ್ಲಿ ಮೊದಲಿದ್ದವರ ಹೆಂಡತಿ ಬಾಣಂತನದಲ್ಲಿ ತೀರಿಕೊಂಡಿದ್ದರು. ಅವರಿಗಿಂತ ಮುಂಚಿನವರು ಸಾಲಕ್ಕೆ ಮಾರಿ ಹೋಗಿದ್ದರು. "ಆ ಮನೆ ಯಾರಿಗೂ ಆಗಿಬರಲ್ಲ ಮಾರಾಯ್ರೇ" ಅಂತ ಊರಿನವರು ಹೇಳುತ್ತಲೇ ಇದ್ದರು. ಮರುವರ್ಷ ನನ್ನ ತಮ್ಮನಿಗೆ ನಿದ್ದೆಯೇ ಬಾರದಾಯಿತು. ಹತ್ತೊಂಬತ್ತು ವರ್ಷದ ಹುಡುಗ. ಊಟ ಬಿಟ್ಟ. ಯಾರೋ ಕಿವಿಯಲ್ಲಿ ಮಾತಾಡುತ್ತಾರೆ ಅಂತ ಅಳುತ್ತಿದ್ದ. ಮನೆಯದೇ ದೋಷ ಅಂತ ಎಲ್ಲರೂ ಹೇಳಿದರು, ನಾವೂ ನಂಬಿದೆವು. ಪ್ರಶ್ನೆ ಹಾಕಿಸಿದರು, ಹೋಮ ಮಾಡಿಸಿದರು, ಚೌಡಿಗೆ ಹರಕೆ ಹೊತ್ತರು. ಅಮ್ಮನ ಬಳೆ ಅಡವು ಹೋಯಿತು. ಕೊನೆಗೆ ಮನೆಯನ್ನೇ ಅರ್ಧ ರೇಟಿಗೆ ಮಾರಿದೆವು. ಬಾಡಿಗೆ ಮನೆಗೆ ಹೋದರೂ ಅವನ ಕಿವಿಯ ದನಿ ನಿಲ್ಲಲಿಲ್ಲ.

ಎರಡು ವರ್ಷ ಹೀಗೇ ಕಳೆಯಿತು. ಆಮೇಲೆ ಮಾನಸಿಕ ವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಬಿ.ಪಿ. ನೋಡುವ ಪಟ್ಟಿ ಸುತ್ತೋಕೆ ಅವನ ತೋಳಿನ ತಾಯತಗಳನ್ನೆಲ್ಲ ಬಿಚ್ಚಬೇಕಾಯಿತು. ಏಳು ಇದ್ದವು. ಬಿಚ್ಚಿದ ಜಾಗದಲ್ಲಿ ಚರ್ಮ ಬಿಳಿಚಿಕೊಂಡು ಪಟ್ಟೆಪಟ್ಟೆಯಾಗಿತ್ತು. ಮಾತ್ರೆ ಶುರುವಾದ ಮೇಲೆ ಕೆಲವೇ ತಿಂಗಳಲ್ಲಿ ನಿದ್ದೆ ಬಂತು. ಆ ಎರಡು ವರ್ಷದಲ್ಲಿ ಅವನ ಓದು ಮಾತ್ರ ನಿಂತೇ ಹೋಗಿತ್ತು.

ಆದ್ದರಿಂದ ಯಾರದೋ ಮಗ ಪ್ರಾಣ ಕಳೆದುಕೊಂಡದ್ದನ್ನು ದ್ವೀಪದ ಶಾಪ ಅಂತ ಓದುವಾಗ ನನಗೆ ಸಿಟ್ಟು ಬರುತ್ತದೆ. ಆ ಹುಡುಗನ ಸಂಕಟ ಅಲ್ಲಿ ಕಾಣುವುದೇ ಇಲ್ಲ.

ಗಾಯೋಲಾದ ಬಗ್ಗೆ ಬರೆಯಲು ಬೇರೆ ವಿಷಯ ಬೇಕಾದಷ್ಟಿದೆ. ಪೊಸಿಲಿಪ್ಪೊ ಗುಡ್ಡದಲ್ಲಿ ವೆಡಿಯಸ್ ಪೊಲ್ಲಿಯೊ ಎಂಬ ರೋಮನ್ ಶ್ರೀಮಂತ ದೊಡ್ಡ ಬಂಗಲೆ ಕಟ್ಟಿಸಿದ್ದ. ಅದಕ್ಕೆ ಪೌಸಿಲಿಪೊನ್ ಅಂತ ಹೆಸರು, ದುಃಖ ನಿಲ್ಲುವ ಜಾಗ ಅಂತ ಅರ್ಥ. ಇದೇ ಪೊಲ್ಲಿಯೊ ಊಟಕ್ಕೆ ಕೂತಾಗ ಗುಲಾಮ ಹುಡುಗನೊಬ್ಬ ಗಾಜಿನ ಬಟ್ಟಲು ಒಡೆದ. ಅವನನ್ನು ಕೊಳದ ಹಾವುಮೀನುಗಳಿಗೆ ಎಸೆಯಿರಿ ಎಂದು ಹೇಳಿದನಂತೆ. ಹುಡುಗ ಅತಿಥಿಯಾಗಿ ಬಂದಿದ್ದ ಚಕ್ರವರ್ತಿ ಅಗಸ್ಟಸ್‌ನ ಕಾಲು ಹಿಡಿದ. ಜೀವ ಉಳಿಸಿ ಅಂತಲೂ ಕೇಳಲಿಲ್ಲ, ಬೇರೆ ರೀತಿ ಸಾಯಲು ಬಿಡಿ ಅಂತಷ್ಟೇ ಕೇಳಿದ ಎಂದು ರೋಮನ್ ತತ್ವಜ್ಞಾನಿ ಸೆನೆಕಾ ಬರೆದಿದ್ದಾನೆ. ಅಗಸ್ಟಸ್ ಹುಡುಗನನ್ನು ಬಿಡಿಸಿ, ಉಳಿದ ಬಟ್ಟಲುಗಳನ್ನೆಲ್ಲ ಒಡೆಸಿದ. ಆ ಹುಡುಗನ ಹೆಸರು ಎಲ್ಲೂ ಉಳಿದಿಲ್ಲ. ಒಡೆಯರ ಪಟ್ಟಿಗೆ ಅಷ್ಟು ಜಾಗ ಕೊಟ್ಟವರು ಅವನಿಗೆ ಎರಡು ಸಾಲು ಕೊಡಬಹುದಿತ್ತು ಅಲ್ವಾ?

ಆ ಕರಾವಳಿಯ ನೆಲ ಜ್ವಾಲಾಮುಖಿ ನೆಲ. ನಿಧಾನಕ್ಕೆ ಏರುತ್ತದೆ, ಇಳಿಯುತ್ತದೆ. ಹಾಗೆ ಇಳಿದೇ ಬಂಗಲೆಯ ಒಂದು ಭಾಗ, ಮೀನಿನ ಕೊಳಗಳ ಸಮೇತ, ಈಗ ನೀರಿನಡಿ ಇದೆ. 2002ರಲ್ಲಿ ಆ ಜಾಗವನ್ನು ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಇದನ್ನೂ ಒಂದು ಭಾನುವಾರ ಬರೆಸಿ.

ನಾವು ಮಾರಿದ ಮನೆ ಈಗಲೂ ಇದೆ. ಕೊಂಡವರೇ ಮೂರು ತಲೆಮಾರಿನಿಂದ ಅಲ್ಲಿದ್ದಾರೆ. ಹೋದ ತಿಂಗಳು ನಾನು, ತಮ್ಮ ಆ ದಾರಿಯಲ್ಲಿ ಹೋಗುವಾಗ ಕರೆದು ಮಜ್ಜಿಗೆ ಕೊಟ್ಟರು. ಅಂಗಳದ ತುಂಬ ಅಡಿಕೆ ಒಣಗುತ್ತಿತ್ತು. ತಮ್ಮ ಮಲಗುತ್ತಿದ್ದ ಕೋಣೆಯಲ್ಲಿ ಅವರ ಮೊಮ್ಮಗಳು ಪರೀಕ್ಷೆಗೆ ಓದುತ್ತಿದ್ದಳು.

ಇತಿ,
ಒಬ್ಬ ನಿವೃತ್ತ ಶಿಕ್ಷಕಿ, ಸಾಗರ