ಫೋನ್ ಆಫ್ ಮಾಡಿ ಹೋದವನ ಕಾಗದ

ಲೋ ಮಗಾ,

ವಾಟ್ಸಾಪಿನಲ್ಲಿ ಹೇಳಿದರೆ ಒಂದು ಹೆಬ್ಬೆಟ್ಟು ಒತ್ತಿ ಮುಗಿಸುತ್ತೀಯ. ಅದಕ್ಕೇ ಇಲ್ಲಿ ಎಲ್ಲರೆದುರು ಬರೆಯುತ್ತಿದ್ದೇನೆ. ಉಳಿದವರು ಗಾಬರಿಯಾಗಬೇಡಿ, ನಮ್ಮ ಹಳೇ ಗುಟ್ಟು ಯಾವುದನ್ನೂ ಎತ್ತುವುದಿಲ್ಲ.

ಫೋನ್ ಆಫ್ ಮಾಡಿ, ಬೈಕಿನ ಬಾಕ್ಸಿಗೆ ಹಾಕಿ, ಸಾಗರದ ಕಡೆ ಹೋಗಿದ್ದೆ. ಯಾರಿಗೂ ಹೇಳಿರಲಿಲ್ಲ. ಮ್ಯಾಪ್ ಇಲ್ಲದೆ ದಾರಿ ತಪ್ಪುತ್ತೇನೆ ಅಂದುಕೊಂಡಿದ್ದೆ, ತಪ್ಪಲಿಲ್ಲ. ಕಿಲೋಮೀಟರ್ ಕಲ್ಲಿನ ತಲೆ ಹಳದಿ ಇದ್ದರೆ ನ್ಯಾಷನಲ್ ಹೈವೇ, ಹಸಿರಿದ್ದರೆ ಸ್ಟೇಟ್ ಹೈವೇ. ಅಷ್ಟು ಗೊತ್ತಿದ್ದರೆ ಸಾಕು, ಮಿಕ್ಕಿದ್ದಕ್ಕೆ ಬಾಯಿ ಇದೆ. ಪರದಾಡಿದ್ದು ಚಿಲ್ಲರೆಗೆ. ಟೀ ಕುಡಿದು ಐನೂರರ ನೋಟು ತೆಗೆದರೆ ಎಲ್ಲರೂ ಸುಮ್ನೆ ಸ್ಕ್ಯಾನರ್ ಕಡೆ ಕೈ ತೋರಿಸುತ್ತಾರೆ.

ಅಂಬಾರಗೋಡ್ಲು ನೆನಪಿದೆಯಾ, ಶರಾವತಿ ಹಿನ್ನೀರು ದಾಟಲು ನಾವು ಲಾಂಚಿಗೆ ಕಾದು ಕಾದು ಜಗಳ ಆಡಿಕೊಂಡಿದ್ದು? ಈಗ ಸೇತುವೆ ಬಂದಿದೆ. ಸುಮಾರು 2.4 ಕಿಲೋಮೀಟರ್, 2025ರ ಜುಲೈನಲ್ಲಿ ಓಡಾಟ ಶುರುವಾಯಿತು. ಲಾಂಚೇ ಚೆನ್ನಾಗಿತ್ತು ಅಂತ ನಮ್ಮಂಥ ಟೂರಿಸ್ಟುಗಳು ನಿಟ್ಟುಸಿರು ಬಿಡಬಾರದು. ಲಿಂಗನಮಕ್ಕಿ ಡ್ಯಾಮ್ ಕಟ್ಟಿ ಮುಗಿದದ್ದು 1964ರಲ್ಲಿ. ಆಮೇಲೆ ಸೇತುವೆ ಬರುವ ತನಕ, ಹಿನ್ನೀರಿನ ಆಚೆ ದಡದ ತುಮರಿ ಕಡೆಯವರಿಗೆ ರಾತ್ರಿ ಮೈ ಹುಷಾರು ತಪ್ಪಿದರೆ ಬೆಳಗಾಗುವ ತನಕ ಕಾಯಬೇಕಿತ್ತು, ಇಲ್ಲಾ ಸುತ್ತಿ ಬಳಸಿ ಹೋಗಬೇಕಿತ್ತು, ಅಲ್ವಾ?

ಸೇತುವೆ ಮೇಲೆ ನಿಧಾನ ಮಾಡಿ ಕೆಳಗೆ ನೋಡಿದೆ. ನೀರು ಇಳಿದ ಕಡೆ ಮುಳುಗಿದ ಕಾಡಿನ ಬೊಡ್ಡೆಗಳು, ಕರ್ರಗೆ, ತುದಿ ಚೂಪಾಗಿ ಹೊರಗೆ ಬಂದಿದ್ದವು. ಚೆನ್ನಾಗಿದೆಯಾ ಇಲ್ಲವಾ ಅಂತ ಅನಿಸುವ ಮೊದಲೇ, ನಿನಗೆ ಏನಂತ ಬರೆದು ಕಳಿಸಬೇಕು ಅನ್ನುವುದು ತಲೆಯಲ್ಲಿ ರೆಡಿಯಾಗಿತ್ತು! ನಾಗೋಡಿ ಘಾಟಿ ಇಳಿದು, ಕೊಲ್ಲೂರು ದಾಟಿ, ಮರವಂತೆಯಲ್ಲಿ ಒಂದು ಪಕ್ಕ ಸಮುದ್ರ ಇನ್ನೊಂದು ಪಕ್ಕ ಸೌಪರ್ಣಿಕಾ ನದಿ ಬರುವ ತನಕ ಅದೇ ಕಥೆ.

ಆ ರಾತ್ರಿ ಒಂದು ಲಾಡ್ಜಿನಲ್ಲಿ "ಒಬ್ರೇನಾ?" ಅಂದರು. ಒಬ್ಬನೇ ಬಂದವನಿಗೆ ರೂಮು ಕೊಡುವುದಕ್ಕೆ ಅವರಿಗೂ ಭಯ. ಆಧಾರ್ ಜೆರಾಕ್ಸ್ ಸಾಲದು, ಮನೆಯವರ ನಂಬರ್ ಬೇಕು. ನನಗೆ ಬಾಯಿಪಾಠ ಇರುವುದು ನಿನ್ನದೊಂದೇ. ಅದನ್ನೇ ಬರೆದು, ಏನಾಗಬೇಕು ಅಂದಾಗ ಅಣ್ಣ ಅಂದೆ.

ಆಮೇಲೆ ಮಲಗಿಕೊಂಡು, ಇವರು ನಿನಗೊಂದು ಫೋನ್ ಮಾಡಲಿ ಅಂತ ಕಾದೆ ಕಣೋ. ಮಾಡಿದ್ದರೆ ನೀನು ಗಾಬರಿಬೀಳುತ್ತಿದ್ದೆ, ನಾಲ್ಕು ಜನರನ್ನು ವಿಚಾರಿಸುತ್ತಿದ್ದೆ, ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ನನ್ನನ್ನು ನಾನು ಹುಡುಕಿಕೊಳ್ಳಲು ಹೋಗಿದ್ದೆ ಅಂತ ಆಫೀಸಲ್ಲಿ ಹೇಳಿಕೊಂಡು ತಿರುಗುತ್ತಿದ್ದೇನೆ. ಸುಳ್ಳು. ಬೇರೆ ಯಾರಾದರೂ ಹುಡುಕುತ್ತಾರಾ ಅಂತ ನೋಡಲು ಹೋಗಿದ್ದೆ. ಊರಿಗೆ ಬಂದು ಫೋನ್ ಆನ್ ಮಾಡಿದರೆ ಕರೆಂಟ್ ಬಿಲ್ಲು, ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಪಾರ್ಕಿಂಗ್ ಜಗಳ, ಸಾಲ ಬೇಕಾ ಅಂತ ಕೇಳುವವರ ಮಿಸ್ಡ್ ಕಾಲು, ಮತ್ತೆ ನಿನ್ನದೊಂದು ಬೆಕ್ಕಿನ ರೀಲ್. ಅಮ್ಮ ಇದ್ದಿದ್ದರೆ ಮೊದಲ ರಾತ್ರಿಯೇ ಪೊಲೀಸ್ ಸ್ಟೇಷನ್ ಮುಂದೆ ಕೂತಿರುತ್ತಿದ್ದಳು.

ಇಷ್ಟೆಲ್ಲ ಬರೆಯುವ ಯೋಚನೆ ಇರಲಿಲ್ಲ. ಜಾಸ್ತಿ ಆಯ್ತು. ಬೆಕ್ಕು ಚೆನ್ನಾಗಿತ್ತು ಬಿಡು.

ಅಂದ ಹಾಗೆ, ಆ ಲಾಡ್ಜಿನವರು ಇನ್ನು ಮೇಲೆ ನಿನ್ನ ನಂಬರಿಗೆ ಹಬ್ಬದ ಆಫರ್ ಕಳಿಸಬಹುದು. ಬ್ಲಾಕ್ ಮಾಡಬೇಡ ಅಣ್ಣಾ, ಎಸಿ ರೂಮಿಗೆ ಡಿಸ್ಕೌಂಟ್ ಇದ್ದರೆ ತಿಳಿಸು.